ಒಂದು ಹನಿ ಕುಡಿಯದ ನನ್ನ ರಕ್ತದಲ್ಲಿ ಆಲ್ಕೋಹಾಲ್ ಇದೆಯಂತೆ, ಹೌದಾ?

ತಿಪಟೂರು ಕೊಬ್ಬರಿ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನನಗೆ 46 ವರ್ಷ. ಹೋದ ವಾರ ನಮ್ಮೂರಲ್ಲಿ ಆರೋಗ್ಯ ತಪಾಸಣೆ ಶಿಬಿರ ಇತ್ತು. ಸುಮ್ನೆ ಹೋಗಿ ರಕ್ತ ಕೊಟ್ಟು ಬಂದೆ. ರಿಪೋರ್ಟು ಹೀಗಿದೆ: ಒಟ್ಟು ಕೊಲೆಸ್ಟ್ರಾಲ್ 238, ಎಚ್‌ಡಿಎಲ್ (ಇದು "ಒಳ್ಳೇದು" ಅಂತಾರೆ) 36, ಟ್ರೈಗ್ಲಿಸರೈಡ್ (ರಕ್ತದಲ್ಲಿ ಓಡಾಡೋ ಇನ್ನೊಂದು ಕೊಬ್ಬು) 210, ಎಲ್‌ಡಿಎಲ್ (ಇದು "ಕೆಟ್ಟದ್ದು" ಅಂತಾರೆ) 160. ನಾಲ್ಕಕ್ಕೂ ದಪ್ಪಕ್ಷರ. ಮನೆಯಲ್ಲಿ ಅವತ್ತೇ ತುಪ್ಪದ ಡಬ್ಬಿ ಅಟ್ಟ ಸೇರಿತು.

ನನ್ನ ಮಗಳು ಸೆಕೆಂಡ್ ಪಿಯು ಸೈನ್ಸ್. ರಿಪೋರ್ಟು ನೋಡಿ, "ಅಪ್ಪಾ, ಕೊಲೆಸ್ಟ್ರಾಲ್ ಅಂದ್ರೆ ನಿಜವಾಗಿ ಒಂದು ಆಲ್ಕೋಹಾಲ್" ಅಂದಳು. ನಾನು ಮದುವೆ ಮನೆಯಲ್ಲೂ ಒಂದು ಹನಿ ಮುಟ್ಟಿದವನಲ್ಲ. ತಮಾಷೆ ಮಾಡ್ತಿದ್ದಾಳೆ ಅಂದ್ಕೊಂಡೆ. ಇಲ್ಲ, ಪಕ್ಕಾ ಅಂತಾಳೆ.

ನನ್ನ ಪ್ರಶ್ನೆ ಮೂರು. ಈ ಪದಾರ್ಥ ನಿಜವಾಗಿ ಏನು? ಕೆಟ್ಟದ್ದಾದರೆ ದೇಹವೇ ಯಾಕೆ ತಯಾರು ಮಾಡುತ್ತೆ? ಮೂರನೆಯದು ಹೊಟ್ಟೆಪಾಡಿನದು. ನಮ್ಮದು ತೆಂಗಿನ ತೋಟ. ಕೊಬ್ಬರಿಯಲ್ಲಿ ಕೊಲೆಸ್ಟ್ರಾಲ್ ಇದೆಯಾ ಇಲ್ವಾ?

ಕೆಮಿಸ್ಟ್ರಿ ಮೇಡಂ (ನಿವೃತ್ತ)

ಮಗಳಿಗೆ ನನ್ನ ಕಡೆಯಿಂದ ಒಂದು ಶಹಭಾಸ್ ಹೇಳಿ. ಅವಳು ಹೇಳಿದ್ದು ಸರಿ.

ಕೆಮಿಸ್ಟ್ರಿಯಲ್ಲಿ ಆಲ್ಕೋಹಾಲ್ ಅನ್ನೋದು ಒಂದು ದೊಡ್ಡ ಮನೆತನದ ಹೆಸರು. ಕಾರ್ಬನ್ನಿಗೆ ಆಕ್ಸಿಜನ್-ಹೈಡ್ರೋಜನ್ ಜೋಡಿ ಅಂಟಿಕೊಂಡಿದ್ದರೆ ಆಲ್ಕೋಹಾಲ್ ಅಂತ ಕರೀತೀವಿ. ಬಾಟ್ಲಿಯಲ್ಲಿ ಸಿಗೋದು ಎಥನಾಲ್, ಆ ಮನೆತನದ ಒಬ್ಬ ಪೋಲಿ ಹುಡುಗ. ಒಡೆದ ತುಟಿಗೆ ಹಚ್ಚೋ ಗ್ಲಿಸರಿನ್ನೂ (ಗ್ಲಿಸರಾಲ್) ಆಲ್ಕೋಹಾಲೇ. ಕೆಮ್ಮಿನ ಮಾತ್ರೆಯ ಮೆಂಥಾಲ್ ಕೂಡ. ಹೆಸರಿನ ಕೊನೆಯ "ಆಲ್" ನೋಡಿದರೆ ಗೊತ್ತಾಗುತ್ತೆ.

ಈಗ ಒಂದು ಹಾಳೆ ತಗೊಳ್ಳಿ. ಜೇನುಗೂಡಿನ ಆರು ಮೂಲೆಯ ಕೋಣೆ ಮೂರು ಬರೆಯಿರಿ, ಒಂದರ ಗೋಡೆ ಇನ್ನೊಂದಕ್ಕೆ ಅಂಟಿರಲಿ. ಮೂರನೆಯದರ ಪಕ್ಕ ಐದು ಮೂಲೆಯ ಚಿಕ್ಕ ಕೋಣೆ. ಈ ನಾಲ್ಕು ಉಂಗುರಗಳಲ್ಲೇ 17 ಕಾರ್ಬನ್ ಮುಗಿಯುತ್ತೆ. ಐದು ಮೂಲೆಯ ಉಂಗುರಕ್ಕೆ 8 ಕಾರ್ಬನ್ನಿನ ಒಂದು ಬಾಲ. ಉಂಗುರಗಳ ಬೆನ್ನ ಮೇಲೆ ಮೊಳೆ ಹೊಡೆದ ಹಾಗೆ ಎರಡು ಕಾರ್ಬನ್. ಒಟ್ಟು 27. ಹೈಡ್ರೋಜನ್ 46. ಆಕ್ಸಿಜನ್ ಮಾತ್ರ ಒಂದೇ ಒಂದು, ಅದು ಮೊದಲ ಉಂಗುರದ 3ನೇ ಕಾರ್ಬನ್ನಿನ ಮೇಲೆ ಕೂತಿದೆ. 5 ಮತ್ತು 6ನೇ ಕಾರ್ಬನ್ ನಡುವೆ ಒಂದು ಜೋಡಿ ಬಂಧ. ಇಷ್ಟೇ ಕಣಪ್ಪ ನಿನ್ನ ಕೊಲೆಸ್ಟ್ರಾಲ್.

ಆ ಒಂದೇ ಆಕ್ಸಿಜನ್ ಇರೋ ತುದಿಗೆ ನೀರು ಅಂದ್ರೆ ಇಷ್ಟ. ಉಳಿದ ಮೈಯೆಲ್ಲ ಎಣ್ಣೆ ಪಕ್ಷ. ಬಾಲ ಅಲ್ಲಾಡುತ್ತೆ, ಆದರೆ ನಾಲ್ಕು ಉಂಗುರದ ಮೈ ಹಲಗೆ ತರಹ ಬಿಗಿ, ಚಪ್ಪಟೆ. ದೇಹಕ್ಕೆ ಬೇಕಾಗಿರೋದು ಈ ಬಿಗಿತವೇ.

ನಮ್ಮ ಪ್ರತಿ ಜೀವಕೋಶದ ಸುತ್ತ ಒಂದು ತೆಳು ಪೊರೆ ಇದೆ. ಅದು ಗೋಡೆ ತರಹ ಗಟ್ಟಿ ಅಲ್ಲ, ಎಣ್ಣೆ ತರಹ ಹರಿದಾಡುವ ಪದರ. ಅದರ ಕೊಬ್ಬಿನ ಬಾಲಗಳು ಸದಾ ತೂಗಾಡುತ್ತಿರುತ್ತವೆ. ಅವುಗಳ ನಡುವೆ ಕೊಲೆಸ್ಟ್ರಾಲ್ ತೂರಿಕೊಂಡು ನಿಲ್ಲುತ್ತೆ. ಕಲ್ಲುಕಟ್ಟಡದಲ್ಲಿ ದಪ್ಪ ಕಲ್ಲುಗಳ ಸಂದಿಗೆ ಗಾರೆಯವರು ಚಕ್ಕೆ ತುರುಕುತ್ತಾರಲ್ಲ, ಹಾಗೆ. ಬಿಸಿಯಾದಾಗ ಪೊರೆ ತೀರಾ ಸಡಿಲ ಆಗದಂತೆ ಹಿಡಿದಿಡುತ್ತೆ. ತಂಪಾದಾಗ ಬಾಲಗಳು ಒತ್ತಾಗಿ ಹೆಪ್ಪುಗಟ್ಟದಂತೆ ತಡೆಯುತ್ತೆ. ಮಾಗಿ ಚಳಿಯಲ್ಲಿ ನಿಮ್ಮ ಕೊಬ್ಬರಿ ಎಣ್ಣೆ ಬಾಟ್ಲಿಯಲ್ಲೇ ಕಲ್ಲಾಗುತ್ತಲ್ಲ, ಜೀವಕೋಶದ ಪೊರೆ ಆ ತರಹ ಆದ್ರೆ ಕೆಲಸ ಕೆಟ್ಟ ಹಾಗೇ.

ತಿಪಟೂರು ಕೊಬ್ಬರಿ

ಮೇಡಂ, ಕೈ ಮುಗಿದೆ. ಮಗಳು ಇದನ್ನು ಓದಿ "ನಮ್ಮ ಲೆಕ್ಚರರ್ ಹೀಗೆ ಹೇಳಿದ್ರೆ" ಅಂದಳು. ಹಾಳೆಯಲ್ಲಿ ಬರೀತಾ ಕೂತಿದ್ದಾಳೆ.

ಸಂಶಯಾತ್ಮ

ನೋಡಿ, ಅಷ್ಟು ಒಳ್ಳೆ ಪದಾರ್ಥ ಅಂದ ಮೇಲೆ ಕಡಿಮೆ ಮಾಡೋದು ಯಾಕೆ? ನಮ್ಮ ತಾತ ಹೋಳಿಗೆ ಮೇಲೆ ತುಪ್ಪ ಸುರಿದುಕೊಂಡು 91 ವರ್ಷ ಬದುಕಿದ್ರು. ಎಲ್ಲ ಮಾತ್ರೆ ಕಂಪನಿಗಳ ಆಟ.

ಲ್ಯಾಬ್ ರಾತ್ರಿಪಾಳಿ

ತಾತ ದಿನಕ್ಕೆ ಎಷ್ಟು ಮೈಲಿ ನಡೀತಿದ್ರು ಅಂತಲೂ ಬರೀರಿ ಸ್ವಾಮಿ.

ತಿಪಟೂರು ಅಣ್ಣ, ಒಂದು ಗುಟ್ಟು ಹೇಳ್ತೀನಿ. ನಿಮ್ಮ ಎಲ್‌ಡಿಎಲ್ 160 ಇದೆಯಲ್ಲ, ಅದನ್ನು ಯಾರೂ ಅಳೆದ ಹಾಗಿಲ್ಲ. ಕೂಡಿ ಕಳೆದು ಹಾಕಿದ್ದು. ಟ್ರೈಗ್ಲಿಸರೈಡ್ 210 ಅನ್ನು 5ರಿಂದ ಭಾಗಿಸಿ, 42. ಒಟ್ಟು 238ರಲ್ಲಿ ಎಚ್‌ಡಿಎಲ್ 36 ಕಳೀರಿ, ಆ 42 ಕಳೀರಿ. ಸರಿಯಾಗಿ 160. ಇದು ಫ್ರೀಡ್‌ವಾಲ್ಡ್ ಸೂತ್ರ, 1972ರದ್ದು. ಎಷ್ಟೋ ಲ್ಯಾಬುಗಳಲ್ಲಿ ಇವತ್ತಿಗೂ ಇದೇ ನಡೆಯುತ್ತೆ. ತಪ್ಪೇನಿಲ್ಲ, ಆದರೆ ಟ್ರೈಗ್ಲಿಸರೈಡ್ 400 ದಾಟಿದರೆ ಈ ಲೆಕ್ಕ ನಂಬಬಾರದು. ಆಗ ನೇರವಾಗಿ ಅಳೆಯಬೇಕು.

ಅಂದ ಹಾಗೆ, ರಕ್ತ ಕೊಡೋ ಮುಂಚೆ ಏನಾದ್ರೂ ತಿಂದಿದ್ರಾ?

ತಿಪಟೂರು ಕೊಬ್ಬರಿ

ಎರಡು ತಟ್ಟೆ ಇಡ್ಲಿ. ಒಂದು ವಡೆ. ಕಾಫಿ.

ಇನ್ನೊಂದು ವಡೆ ಕೂಡ.

ಲ್ಯಾಬ್ ರಾತ್ರಿಪಾಳಿ

😀 ಅದಕ್ಕೇ ಕೇಳಿದ್ದು. ಊಟ ತಿಂಡಿಯಿಂದ ಒಟ್ಟು ಕೊಲೆಸ್ಟ್ರಾಲ್ ಹೆಚ್ಚೇನೂ ಏರುಪೇರಾಗಲ್ಲ. ಟ್ರೈಗ್ಲಿಸರೈಡ್ ಮಾತ್ರ ಏರುತ್ತೆ. ಕೆಲವರ ರಕ್ತವನ್ನು ಯಂತ್ರದಲ್ಲಿ ತಿರುಗಿಸಿ ಬೇರೆ ಮಾಡಿದಾಗ ಮೇಲಿನ ನೀರು ಹಾಲಿನ ತರಹ ಬೆಳ್ಳಗೆ ಬರುತ್ತೆ. ಆ ಬಿಳುಪು ಟ್ರೈಗ್ಲಿಸರೈಡಿನದು, ಕೊಲೆಸ್ಟ್ರಾಲಿನದಲ್ಲ. ಎರಡನ್ನೂ ಒಂದೇ ಅಂದ್ಕೊಳ್ಳೋರು ಜಾಸ್ತಿ.

ಬರ್ಮಿಂಗ್‌ಹ್ಯಾಮ್ ಬಿಸಿಬೇಳೆ

ಪರದೇಶದಲ್ಲಿ ಇರೋರಿಗೆ ಒಂದು ಮಾತು. ಇಲ್ಲಿ ಅಳತೆಯೇ ಬೇರೆ, ಊರಿನ ಹಾಗೆ ಮಿಲಿಗ್ರಾಂ ಅಲ್ಲ, ಮಿಲಿಮೋಲ್. ನನ್ನದು 6.1 ಅಂತ ಬಂತು. ಊರಿಗೆ ಫೋನ್ ಮಾಡಿ ಅಮ್ಮನಿಗೆ ಹೇಳಿದೆ. ಪಕ್ಕದ ಮನೆಯವರದು 190, ನನ್ನ ಮಗಂದು ಬರೀ 6, ಹೊಟ್ಟೆಗೆ ಏನೂ ತಿಂತಿಲ್ಲ ಅಂತ ಅಳು. ಕೊನೆಗೆ 38.67ರಿಂದ ಗುಣಿಸಿ ತೋರಿಸಿದೆ, 236. ಆಮೇಲೆ ಬೇರೆ ಕಾರಣಕ್ಕೆ ಅಳು.

ಧಾರವಾಡ ಫೇಡೆ

ನನ್ನದೊಂದು ಸಂಶಯ. ಹೋದ ವರ್ಷ ಪಿತ್ತಕೋಶದ ಕಲ್ಲಿಗೆ ಆಪರೇಷನ್ ಆಯಿತು. ಕಲ್ಲುಗಳನ್ನು ಡಬ್ಬಿಯಲ್ಲಿ ಹಾಕಿ ಕೈಗೆ ಕೊಟ್ಟಿದ್ದರು. ನೋಡಿದರೆ ಹಳದಿ, ಮೇಣದ ಉಂಡೆ ಇದ್ದ ಹಾಗೆ. "ಇದು ಕೊಲೆಸ್ಟ್ರಾಲ್ ಕಲ್ಲು" ಅಂದರು. ರಕ್ತದಲ್ಲಿ ಇರಬೇಕಾದ್ದು ಪಿತ್ತದಲ್ಲಿ ಹೆಂಗ ಬಂತು? ನನ್ನ ರಕ್ತದ ರಿಪೋರ್ಟು ನಾರ್ಮಲ್ ಇತ್ತು.

ಕೆಮಿಸ್ಟ್ರಿ ಮೇಡಂ (ನಿವೃತ್ತ)

ಅಕ್ಕ, ನಿಮ್ಮ ಡಬ್ಬಿಯಲ್ಲಿದ್ದದ್ದೇ ಅದರ ತವರುಮನೆ. ಮನುಷ್ಯ ಕೊಲೆಸ್ಟ್ರಾಲನ್ನು ಮೊದಲು ಕಂಡಿದ್ದು ರಕ್ತದಲ್ಲಲ್ಲ, ಪಿತ್ತದ ಕಲ್ಲಿನಲ್ಲೇ. 18ನೇ ಶತಮಾನದಲ್ಲಿ ಫ್ರಾನ್ಸಿನ ಪುಲ್ಟಿಯೆ ದ ಲಾ ಸಾಲ್ ಅನ್ನೋರು. 1815ರಲ್ಲಿ ಅದೇ ದೇಶದ ಶೆವ್ರೂಲ್ ಅದಕ್ಕೆ "ಕೊಲೆಸ್ಟರಿನ್" ಅಂತ ಹೆಸರಿಟ್ಟರು. ಗ್ರೀಕಿನಲ್ಲಿ ಕೋಲೆ ಅಂದರೆ ಪಿತ್ತ, ಸ್ಟೀರಿಯೋಸ್ ಅಂದರೆ ಗಟ್ಟಿ. ಗಟ್ಟಿಪಿತ್ತ. ಅದು ಆಲ್ಕೋಹಾಲ್ ಅಂತ ಬೆರ್ತೆಲೋ ತೋರಿಸಿದ್ದು 1859ರಲ್ಲಿ. ಹಾಗಾಗಿ ಆಮೇಲೆ ಬಾಲಕ್ಕೆ "ಆಲ್" ಸೇರಿತು.

ಪಿತ್ತಕ್ಕೆ ಯಾಕೆ ಬಂತು ಅನ್ನೋದನ್ನು ಡಾಕ್ಟರ್ ಯಾರಾದ್ರೂ ಹೇಳಲಿ. ನನಗೆ ಉಂಗುರ ಗೊತ್ತು, ಕರುಳು ಅಷ್ಟಾಗಿ ಗೊತ್ತಿಲ್ಲ.

ತಾಲೂಕು ಡಾಕ್ಟ್ರು

ಈ ಚರ್ಚೆ ನೋಡಿ ಖುಷಿಯಾಯಿತು. ಓಪಿಡಿಯಲ್ಲಿ ಇಷ್ಟು ಮಾತಾಡೋಕೆ ಪುರಸೊತ್ತಿರಲ್ಲ.

ಧಾರವಾಡ ಅಕ್ಕ ಕೇಳಿದ ಪ್ರಶ್ನೆಯಲ್ಲೇ ಇಡೀ ಕಥೆ ಇದೆ. ನಾವು ತಿಂದ ಅನ್ನ, ಸಕ್ಕರೆ, ತುಪ್ಪ ಎಲ್ಲವನ್ನೂ ದೇಹ ಉರಿಸಿ ಶಕ್ತಿ ತೆಗೆಯುತ್ತೆ. ಕೊಲೆಸ್ಟ್ರಾಲನ್ನು ಉರಿಸೋಕೆ ಬರಲ್ಲ. ಮೇಡಂ ಹೇಳಿದ ಆ ನಾಲ್ಕು ಉಂಗುರಗಳನ್ನು ಒಡೆದು ಪುಡಿ ಮಾಡೋ ಕಿಣ್ವ ನಮ್ಮ ದೇಹದಲ್ಲಿ ಇಲ್ಲ. ಕಟ್ಟೋಕೆ ಗೊತ್ತು, ಕೆಡವೋಕೆ ಗೊತ್ತಿಲ್ಲ. "ವಾಕಿಂಗ್ ಮಾಡಿ ಕೊಲೆಸ್ಟ್ರಾಲ್ ಕರಗಿಸ್ತೀನಿ" ಅಂತಾರಲ್ಲ, ಆ ಅರ್ಥದಲ್ಲಿ ಅದು ಕರಗಲ್ಲ. ವಾಕಿಂಗಿನಿಂದ ಟ್ರೈಗ್ಲಿಸರೈಡ್ ಇಳಿಯುತ್ತೆ, ಎಚ್‌ಡಿಎಲ್ ಸ್ವಲ್ಪ ಏರುತ್ತೆ, ಬಿಪಿ ಶುಗರಿಗೆ ಒಳ್ಳೇದು. ಮಾಡಿ, ಬಿಡಬೇಡಿ.

ಹಾಗಾದರೆ ಹೆಚ್ಚಾದದ್ದು ಹೋಗೋದು ಎಲ್ಲಿಂದ? ಮುಖ್ಯ ಬಾಗಿಲು ಒಂದೇ, ಪಿತ್ತ. ಯಕೃತ್ತು ಕೊಲೆಸ್ಟ್ರಾಲನ್ನು ಸ್ವಲ್ಪ ಹಾಗೇ ಪಿತ್ತಕ್ಕೆ ಬಿಡುತ್ತೆ. ಇನ್ನಷ್ಟನ್ನು ಪಿತ್ತಾಮ್ಲವಾಗಿ ಮಾರ್ಪಡಿಸಿ ಬಿಡುತ್ತೆ. ಪಿತ್ತಾಮ್ಲ ಅಂದರೆ ಕರುಳಿನ ಸೋಪು. ಎಣ್ಣೆ ನೀರಿನ ಸ್ನಾನದಲ್ಲಿ ಸೀಗೆಪುಡಿ ತಲೆಯ ಎಣ್ಣೆ ಬಿಡಿಸುತ್ತಲ್ಲ, ಹಾಗೆ ಇದು ಊಟದ ಜಿಡ್ಡನ್ನು ಬಿಡಿಸಿ ಜೀರ್ಣಕ್ಕೆ ಒದಗಿಸುತ್ತೆ. ಪಿತ್ತದಲ್ಲಿ ಸೋಪು ಕಡಿಮೆಯಾಗಿ ಕೊಲೆಸ್ಟ್ರಾಲ್ ಹೆಚ್ಚಾದರೆ ಅದು ಹರಳುಗಟ್ಟಿ ಕಲ್ಲಾಗುತ್ತೆ. ರಕ್ತದ ರಿಪೋರ್ಟು ನಾರ್ಮಲ್ ಇದ್ದರೂ ಆಗಬಹುದು.

ತಮಾಷೆ ನೋಡಿ. ಕರುಳಿಗೆ ಬಿಟ್ಟ ಪಿತ್ತಾಮ್ಲದಲ್ಲಿ ಸುಮಾರು ನೂರಕ್ಕೆ 95 ಭಾಗವನ್ನು ದೇಹ ಸಣ್ಣಕರುಳಿನ ಕೊನೆಯಲ್ಲಿ ವಾಪಸ್ ಹೀರಿಕೊಳ್ಳುತ್ತೆ. ಅಷ್ಟು ಜುಗ್ಗತನ. ಅದಕ್ಕೇ ನಾರಿನಂಶ ತಿನ್ನಿ ಅನ್ನೋದು. ಓಟ್ಸ್, ಬಾರ್ಲಿ, ಕಾಳು, ಮೆಂತ್ಯ, ಬೆಂಡೆ, ಇವುಗಳಲ್ಲಿ ಲೋಳೆಯಾಗೋ ನಾರು ಇದೆ. ಅದು ಪಿತ್ತಾಮ್ಲವನ್ನು ಹಿಡಿದುಕೊಂಡು ಹೊರಗೆ ಎಳೆದೊಯ್ಯುತ್ತೆ. ಯಕೃತ್ತು ಹೊಸ ಪಿತ್ತಾಮ್ಲ ಮಾಡಬೇಕಾಗುತ್ತೆ. ಅದಕ್ಕೆ ಬೇಕಾದ ಕಚ್ಚಾಮಾಲು ಕೊಲೆಸ್ಟ್ರಾಲ್. ರಕ್ತದಿಂದ ಎಳೆದುಕೊಳ್ಳುತ್ತೆ.

ಕೆಮಿಸ್ಟ್ರಿ ಮೇಡಂ (ನಿವೃತ್ತ)

ಡಾಕ್ಟ್ರೇ, ಸೀಗೆಕಾಯಿ ಉದಾಹರಣೆ ನಿಮಗೇ ಗೊತ್ತಿಲ್ಲದೆ ತುಂಬ ಸರಿಯಾಗಿ ಬಿದ್ದಿದೆ! ದೇಹ ಕೊಲೆಸ್ಟ್ರಾಲ್ ಕಟ್ಟೋದು 2 ಕಾರ್ಬನ್ನಿನ ಚಿಕ್ಕ ತುಂಡುಗಳಿಂದ. ಅವನ್ನು ಜೋಡಿಸಿ ಜೋಡಿಸಿ 30 ಕಾರ್ಬನ್ನಿನ ಉದ್ದ ಸರ ಆಗುತ್ತೆ, ಅದೇ ಸ್ಕ್ವಾಲೀನ್. ಆ ಸರ ಮಡಚಿಕೊಂಡು ನಾಲ್ಕು ಉಂಗುರ ಆಗುತ್ತೆ. ಸೀಗೆಕಾಯಿಯ ನೊರೆ ಬರಿಸೋ ಸಾಪೋನಿನ್ ಕೂಡ ಅದೇ ಸ್ಕ್ವಾಲೀನ್ ಮನೆತನದ್ದು. ದಾಯಾದಿಗಳು.

ಈ ದಾರಿ ಹುಡುಕಿದ ಕಾನ್ರಾಡ್ ಬ್ಲಾಕ್ ಮತ್ತು ಫಿಯೋಡೋರ್ ಲೂನೆನ್ ಅವರಿಗೆ 1964ರಲ್ಲಿ ನೊಬೆಲ್ ಬಂತು. 30ಕ್ಕೂ ಹೆಚ್ಚು ಹಂತ ಇದೆ. ಪಾಠ ಮಾಡುವಾಗ ನಾನೇ ಎಷ್ಟೋ ಸಲ ದಾರಿ ತಪ್ಪಿದ್ದೇನೆ.

ಲ್ಯಾಬ್ ರಾತ್ರಿಪಾಳಿ

ನಾನೂ ಒಂದು ಸೇರಿಸ್ತೀನಿ. ಹುಳುಕಡ್ಡಿಗೆ ಹಚ್ಚೋ ಮುಲಾಮು ಕೆಲಸ ಮಾಡೋದು ಇದೇ ಲೆಕ್ಕದಲ್ಲಿ. ಹುಳುಕಡ್ಡಿ ತರೋ ಶಿಲೀಂಧ್ರದ ಪೊರೆಯಲ್ಲಿ ಕೊಲೆಸ್ಟ್ರಾಲ್ ಬದಲು ಅದರ ತಮ್ಮ ಎರ್ಗೋಸ್ಟೆರಾಲ್ ಇರುತ್ತೆ. ಮುಲಾಮಿನಲ್ಲಿರೋ ಕ್ಲೋಟ್ರಿಮಜೋಲ್ ಅನ್ನೋ ಔಷಧಿ ಅದನ್ನು ಕಟ್ಟೋಕೆ ಬಿಡಲ್ಲ. ಹುಳುಕಡ್ಡಿ ಸಾಯುತ್ತೆ, ನಮ್ಮ ಚರ್ಮ ಉಳಿಯುತ್ತೆ.

ಸಂಶಯಾತ್ಮ

ಡಾಕ್ಟ್ರೇ, ನೇರವಾಗಿ ಕೇಳ್ತೀನಿ. 1913ರಲ್ಲಿ ರಷ್ಯಾದಲ್ಲಿ ಅನಿಚ್ಕೋವ್ ಮೊಲಗಳಿಗೆ ಕೊಲೆಸ್ಟ್ರಾಲ್ ತಿನ್ನಿಸಿ ರಕ್ತನಾಳ ಕಟ್ಟಿದ್ದು ತೋರಿಸಿದ. ಮೊಲ ಹುಲ್ಲು ತಿನ್ನೋ ಪ್ರಾಣಿ. ಅದಕ್ಕೆ ಅಭ್ಯಾಸವಿಲ್ಲದ್ದು ತಿನ್ನಿಸಿದ್ರೆ ಕೆಡದೆ ಇನ್ನೇನು? ಅಮೆರಿಕದವರು ಊಟದ ಕೊಲೆಸ್ಟ್ರಾಲ್ ದಿನಕ್ಕೆ 300 ಮಿಲಿಗ್ರಾಂ ಮೀರಬಾರದು ಅಂತಿದ್ದ ಮಿತಿಯನ್ನು 2015ರ ಆಹಾರ ಸೂಚಿಯಲ್ಲಿ ಕೈಬಿಟ್ಟರು. ಮೆದುಳು ಕೊಲೆಸ್ಟ್ರಾಲಿನಿಂದಲೇ ಆಗಿದೆ ಅಂತಾರೆ. ಮಾತ್ರೆ ತಿಂದು ಮೆದುಳು ಒಣಗಿಸ್ಕೋಬೇಕಾ?

ತಾಲೂಕು ಡಾಕ್ಟ್ರು

ಒಳ್ಳೆ ಪ್ರಶ್ನೆ. ಅರ್ಧ ಒಪ್ಪುತ್ತೇನೆ, ಅರ್ಧ ಒಪ್ಪಲ್ಲ.

ಮೊಲದ ಮಾತು ಸರಿ. 300ರ ಮಿತಿ ತೆಗೆದದ್ದೂ ನಿಜ. ನಮ್ಮ ಕೊಲೆಸ್ಟ್ರಾಲಿನ ಬಹುಪಾಲು ದೇಹವೇ ಕಟ್ಟುತ್ತೆ, ದಿನಕ್ಕೆ ಹತ್ತಿರಹತ್ತಿರ 1 ಗ್ರಾಂ. ತಿಂದದ್ದು ಹೆಚ್ಚಾದರೆ ಕಟ್ಟೋದನ್ನು ಇಳಿಸುತ್ತೆ. ಒಂದು ಮೊಟ್ಟೆಯ ಹಳದಿಯಲ್ಲಿ ಸುಮಾರು 200 ಮಿಲಿಗ್ರಾಂ ಇರಬಹುದು, ಹೆಚ್ಚಿನವರಿಗೆ ಅದರಿಂದ ದೊಡ್ಡ ವ್ಯತ್ಯಾಸ ಆಗಲ್ಲ.

ಮೆದುಳಿನದೂ ಅರ್ಧ ನಿಜ. ದೇಹದ ತೂಕದಲ್ಲಿ ನೂರಕ್ಕೆ 2 ಭಾಗ ಇರೋ ಮೆದುಳಲ್ಲಿ ದೇಹದ ಕೊಲೆಸ್ಟ್ರಾಲಿನ ಸುಮಾರು ಕಾಲುಭಾಗ ಇದೆ. ನರದ ತಂತಿಗೆ ಸುತ್ತಿದ ಮಯಲಿನ್ ಹೊದಿಕೆಯಲ್ಲೇ ಹೆಚ್ಚು. ಆದರೆ ಮೆದುಳು ತನಗೆ ಬೇಕಾದ್ದನ್ನು ತಾನೇ ಕಟ್ಟಿಕೊಳ್ಳುತ್ತೆ. ರಕ್ತದ ಎಲ್‌ಡಿಎಲ್ ಅಲ್ಲಿಗೆ ಹೋಗೋಕೇ ಬಿಡಲ್ಲ. ಹಾಗಾಗಿ ರಕ್ತದಲ್ಲಿ 160 ಇದ್ದರೆ ಮೆದುಳು ಚುರುಕು, 70 ಇದ್ದರೆ ಮಂಕು ಅನ್ನೋ ಲೆಕ್ಕ ನಿಲ್ಲಲ್ಲ.

ಈಗ ಒಪ್ಪದ ಅರ್ಧ. ಮೊಲ ಬಿಡಿ, ಮನುಷ್ಯರನ್ನೇ ನೋಡಿ. ಕೊಲೆಸ್ಟ್ರಾಲ್ ನೀರಲ್ಲಿ ಕರಗಲ್ಲ, ರಕ್ತದಲ್ಲಿ ಓಡಾಡೋಕೆ ಗಾಡಿ ಬೇಕು. ಎಲ್‌ಡಿಎಲ್, ಎಚ್‌ಡಿಎಲ್ ಅನ್ನೋದು ಆ ಗಾಡಿಗಳ ಹೆಸರು. ಒಳಗಿನ ಸರಕು ಒಂದೇ. ಒಳ್ಳೆ ಕೊಲೆಸ್ಟ್ರಾಲ್ ಬೇರೆ, ಕೆಟ್ಟದ್ದು ಬೇರೆ ಅಂತ ಎರಡು ಪದಾರ್ಥ ಇಲ್ಲ. ಎಲ್‌ಡಿಎಲ್ ಗಾಡಿಯನ್ನು ಒಳಗೆ ಕರೆದುಕೊಳ್ಳೋಕೆ ಯಕೃತ್ತಿನ ಮೇಲೆ ಕೊಂಡಿಗಳಿವೆ. ಅದನ್ನು ಕಂಡುಹಿಡಿದವರು ಡಲ್ಲಾಸಿನ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್, 1985ರ ನೊಬೆಲ್. ಅವರು ಹೊರಟಿದ್ದೇ ಒಂದು ಕಾಯಿಲೆಯ ಬೆನ್ನುಹತ್ತಿ. ಹುಟ್ಟಿನಿಂದಲೇ ಕೆಲವರಿಗೆ ಈ ಕೊಂಡಿಯ ಜೀನ್ ಕೆಟ್ಟಿರುತ್ತೆ. ಅಪ್ಪ ಅಮ್ಮ ಇಬ್ಬರಿಂದಲೂ ಕೆಟ್ಟ ಜೀನ್ ಬಂದ ಮಕ್ಕಳಲ್ಲಿ ಎಲ್‌ಡಿಎಲ್ 500 ದಾಟಬಹುದು. ಮೊಣಕೈ, ಹಿಮ್ಮಡಿಯಲ್ಲಿ ಹಳದಿ ಗಂಟು ಬರುತ್ತೆ. ಶಾಲೆಗೆ ಹೋಗೋ ವಯಸ್ಸಲ್ಲೇ ಹೃದಯಾಘಾತ ಆಗಬಹುದು. ಆ ಮಕ್ಕಳು ಸಿಗರೇಟು ಸೇದಿಲ್ಲ, ಟೆನ್ಷನ್ ಇಲ್ಲ, ಬಿಪಿ ಇಲ್ಲ. ಗಾಡಿಗಳು ಮಾತ್ರ ಬೀದಿಯಲ್ಲೇ ನಿಂತಿವೆ. ನಿಂತ ಗಾಡಿ ರಕ್ತನಾಳದ ಗೋಡೆಯೊಳಗೆ ನುಗ್ಗುತ್ತೆ, ಸಿಕ್ಕಿಕೊಳ್ಳುತ್ತೆ. ಒಳಗಿನ ಸರಕನ್ನು ಅಲ್ಲಿ ಯಾರೂ ಉರಿಸಲಾರರು, ಮೊದಲೇ ಹೇಳಿದೆನಲ್ಲ. ವರ್ಷಗಟ್ಟಲೆ ಗುಡ್ಡೆ ಬೀಳುತ್ತೆ.

ಒಬ್ಬರಿಂದ ಮಾತ್ರ ಕೆಟ್ಟ ಜೀನ್ ಬಂದವರು ಸುಮಾರು 250 ಜನರಲ್ಲಿ ಒಬ್ಬರಿದ್ದಾರೆ. ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಹಾರ್ಟ್ ಅಟ್ಯಾಕ್ ಆಗಿದ್ದರೆ ದಯವಿಟ್ಟು ಒಮ್ಮೆ ಪರೀಕ್ಷೆ ಮಾಡಿಸಿ.

ತಿಪಟೂರು ಕೊಬ್ಬರಿ

ಡಾಕ್ಟ್ರೇ, ಮನಸ್ಸಿಗೆ ನಾಟಿತು. ಆದರೆ ನನ್ನ ಮೂರನೇ ಪ್ರಶ್ನೆಯನ್ನು ಎಲ್ಲರೂ ಜಾಣತನದಿಂದ ದಾಟಿಸ್ತಾ ಇದ್ದೀರಿ.

ತಾಲೂಕು ಡಾಕ್ಟ್ರು

ಬೈಸಿಕೊಳ್ಳೋಕೆ ರೆಡಿಯಾಗಿಯೇ ಬರೀತೀನಿ. ಕೊಬ್ಬರಿಯಲ್ಲಿ ಕೊಲೆಸ್ಟ್ರಾಲ್ ಇಲ್ಲ ಅಂತಲೇ ಹೇಳಬಹುದು. ಕಡಲೆಕಾಯಿ, ಸೂರ್ಯಕಾಂತಿ, ಯಾವ ಗಿಡದ ಎಣ್ಣೆಯಲ್ಲೂ ಲೆಕ್ಕಕ್ಕೆ ಬರುವಷ್ಟು ಇಲ್ಲ. ಎಣ್ಣೆ ಪ್ಯಾಕೆಟ್ಟಿನ ಮೇಲೆ "ಕೊಲೆಸ್ಟ್ರಾಲ್ ರಹಿತ" ಅಂತ ದಪ್ಪಗೆ ಹಾಕೋದು, ಬಾಳೆಹಣ್ಣಿನ ಮೇಲೆ "ಮೂಳೆ ರಹಿತ" ಅಂತ ಬರೆದ ಹಾಗೆ.

ಆದರೆ ಕೊಬ್ಬರಿ ಎಣ್ಣೆಯ ಕೊಬ್ಬಿನಲ್ಲಿ ನೂರಕ್ಕೆ 90ರ ಹತ್ತಿರ ಸ್ಯಾಚುರೇಟೆಡ್, ಅಂದರೆ ಬೇಗ ಗಟ್ಟಿಯಾಗೋ ಜಾತಿಯ ಕೊಬ್ಬು. ಅದು ಜಾಸ್ತಿ ಆದಾಗ ಯಕೃತ್ತಿನ ಮೇಲಿನ ಕೊಂಡಿಗಳು ಕಡಿಮೆಯಾಗುತ್ತವೆ. ಗಾಡಿಗಳು ಬೀದಿಯಲ್ಲಿ ಉಳಿಯುತ್ತವೆ. ಬೇರೆ ಅಡುಗೆ ಎಣ್ಣೆಗೆ ಹೋಲಿಸಿದರೆ ಎಲ್‌ಡಿಎಲ್ ಏರುತ್ತೆ, ಎಚ್‌ಡಿಎಲ್ಲೂ ಸ್ವಲ್ಪ ಏರುತ್ತೆ. ಚಟ್ನಿ, ಪಲ್ಯಕ್ಕೆ ಕಾಯಿತುರಿ ಹಾಕೋದಕ್ಕೆ ನಾನು ಅಡ್ಡ ಬರಲ್ಲ. ದಿನವೂ ಕೊಬ್ಬರಿ ಎಣ್ಣೆಯಲ್ಲೇ ಕರಿಯೋದು ಬೇಡ ಅಂತೀನಿ.

ನಿಮ್ಮ ರಿಪೋರ್ಟಿನಲ್ಲಿ ನನಗೆ ಕಣ್ಣಿಗೆ ಬಿದ್ದದ್ದು ಬೇರೆ. ಎಚ್‌ಡಿಎಲ್ 36, ಟ್ರೈಗ್ಲಿಸರೈಡ್ 210. ನಮ್ಮ ದೇಶದವರಲ್ಲಿ ಈ ಜೋಡಿ ತುಂಬ ಸಾಮಾನ್ಯ. ಇದಕ್ಕೆ ತುಪ್ಪಕ್ಕಿಂತ ಬಿಳಿ ಅನ್ನ, ಸಿಹಿ, ಸೊಂಟದ ಸುತ್ತಳತೆ ಹೆಚ್ಚು ಕಾರಣ. ತುಪ್ಪದ ಡಬ್ಬಿ ಅಟ್ಟದಿಂದ ಇಳಿಸಿ, ಒಂದು ಚಮಚಕ್ಕೆ ನಿಲ್ಲಿಸಿ. ಶುಗರ್, ಬಿಪಿ ನೋಡಿಸಿ. ಮಾತ್ರೆ ಬೇಕೋ ಬೇಡವೋ ನಿಮ್ಮನ್ನು ಎದುರು ಕೂರಿಸಿಕೊಂಡು ನೋಡಿದ ಡಾಕ್ಟರ್ ಹೇಳಬೇಕು, ನಾನಲ್ಲ.

ಧಾರವಾಡ ಫೇಡೆ

ಬಾಳೆಹಣ್ಣು ಮೂಳೆ ರಹಿತ 😂 ನಕ್ಕೂ ನಕ್ಕೂ ಆಪರೇಷನ್ ಆದ ಜಾಗ ನೋವು.

ಬರ್ಮಿಂಗ್‌ಹ್ಯಾಮ್ ಬಿಸಿಬೇಳೆ

ಡಾಕ್ಟ್ರೇ, ನನಗೆ ಕೊಲೆಸ್ಟ್ರಾಲ್ ಇಳಿಸೋ ಸ್ಟ್ಯಾಟಿನ್ ಮಾತ್ರೆ ಶುರು ಮಾಡಿದ್ದಾರೆ. ಅದು ಬೂಷ್ಟಿನಿಂದ ಬಂದದ್ದು ಅಂತ ಯಾರೋ ಹೇಳಿದ್ರು. ನಿಜವಾ?

ತಾಲೂಕು ಡಾಕ್ಟ್ರು

ಮೊದಲನೆಯದು ನಿಜವಾಗಿಯೂ ಹಾಗೆ. ಜಪಾನಿನ ಅಕಿರಾ ಎಂಡೋ 1970ರ ದಶಕದಲ್ಲಿ ಸಾವಿರಾರು ಶಿಲೀಂಧ್ರಗಳನ್ನು ಪರೀಕ್ಷಿಸುತ್ತಾ ಹೋದರು. ಕೊನೆಗೆ ಕ್ಯೋಟೋದ ಧಾನ್ಯದ ಅಂಗಡಿಯ ಅಕ್ಕಿಯಲ್ಲಿ ಸಿಕ್ಕ ನೀಲಿ-ಹಸಿರು ಬೂಷ್ಟಿನಲ್ಲಿ ಬೇಕಾದ್ದು ಸಿಕ್ಕಿತು. ಮೇಡಂ ಹೇಳಿದ ಆ ಉದ್ದ ದಾರಿಯ ಶುರುವಿನಲ್ಲೇ ಒಂದು ಕಿಣ್ವ ಇದೆ, ಬೂಷ್ಟಿನಲ್ಲಿ ಸಿಕ್ಕ ಪದಾರ್ಥ ಅದನ್ನು ತಡೆಯುತ್ತೆ. ಕಟ್ಟೋದು ಕಡಿಮೆಯಾದಾಗ ಯಕೃತ್ತು ಹೆಚ್ಚು ಕೊಂಡಿ ಹೊರಹಾಕಿ ಬೀದಿಯ ಗಾಡಿಗಳನ್ನು ಒಳಗೆ ಎಳೆದುಕೊಳ್ಳುತ್ತೆ. 1987ರಲ್ಲಿ ಈ ಜಾತಿಯ ಮೊದಲ ಮಾತ್ರೆ ಮಾರುಕಟ್ಟೆಗೆ ಬಂತು, ಅದು ಲೋವಾಸ್ಟ್ಯಾಟಿನ್. ಎಂಡೋ 2024ರಲ್ಲಿ ತೀರಿಕೊಂಡರು. ನೊಬೆಲ್ ಬರಲಿಲ್ಲ. ನನಗಂತೂ ಅದು ಅನ್ಯಾಯ ಅನ್ನಿಸುತ್ತೆ.

ಮೈಕೈ ನೋವು ಬಂದರೆ ಸುಮ್ನೆ ಬಿಡಬೇಡಿ, ನಿಮ್ಮ ಡಾಕ್ಟರಿಗೆ ಹೇಳಿ. ಕೆಲವರಿಗೆ ಬರುತ್ತೆ. ನೀವಾಗಿಯೇ ನಿಲ್ಲಿಸಬೇಡಿ.

ಸಂಶಯಾತ್ಮ

ಸರಿ, ಮಕ್ಕಳ ವಿಷಯ ನನಗೆ ಗೊತ್ತಿರಲಿಲ್ಲ. ಕಂಪನಿಗಳ ಮೇಲಿನ ಅನುಮಾನ ಮಾತ್ರ ಬಿಡಲ್ಲ.

ತಾಲೂಕು ಡಾಕ್ಟ್ರು

ಬಿಡಬೇಡಿ. ಅದು ಬೇಕು.

ತಿಪಟೂರು ಕೊಬ್ಬರಿ

ಮಗಳ ಕಡೆಯಿಂದ ಕೊನೇ ಪ್ರಶ್ನೆ. ಇದರಿಂದ ಹಾರ್ಮೋನು, ವಿಟಮಿನ್ ಡಿ ಎಲ್ಲ ಆಗುತ್ತೆ ಅಂತ ಪುಸ್ತಕದಲ್ಲಿ ಇದೆ. ಒಂದೇ ಅಚ್ಚಿನಿಂದ ಅಷ್ಟೊಂದು ಹೇಗೆ ಅಂತ ಕೇಳ್ತಿದ್ದಾಳೆ. ಅವಳು ಬರೆದ ಚಿತ್ರದ ಫೋಟೋನೂ ಹಾಕಿದ್ದೀನಿ, ನೋಡಿ ಮೇಡಂ.

ಕೆಮಿಸ್ಟ್ರಿ ಮೇಡಂ (ನಿವೃತ್ತ)

ಮಗು, ನಾಲ್ಕು ಉಂಗುರ ಹಾಗೇ ಇಟ್ಟುಕೊಂಡು ಅಂಚಿನಲ್ಲಿ ಸ್ವಲ್ಪ ಕತ್ತರಿಸಿ ಅಂಟಿಸಿದರೆ ಸಾಕು. ಬಾಲ ಕತ್ತರಿಸು, ನಾಲ್ಕು ಆಕ್ಸಿಜನ್ ಸೇರಿಸು, ಕಾರ್ಟಿಸಾಲ್ ಅನ್ನೋ ಹಾರ್ಮೋನು ಆಗುತ್ತೆ. ಪ್ರೊಜೆಸ್ಟೆರೋನ್, ಟೆಸ್ಟೋಸ್ಟೆರೋನ್, ಈಸ್ಟ್ರೋಜನ್ ಎಲ್ಲ ಅದೇ ಅಚ್ಚು. ಗಂಡಿನ ಹಾರ್ಮೋನಿನಿಂದಲೇ ದೇಹ ಹೆಣ್ಣಿನ ಹಾರ್ಮೋನು ಮಾಡುತ್ತೆ, ಒಂದು ಕಾರ್ಬನ್ ತೆಗೆದು ಮೊದಲ ಉಂಗುರ ಬದಲಾಯಿಸಿದರೆ ಆಯಿತು. ವಿಟಮಿನ್ ಡಿಯದು ಮಾತ್ರ ಬೇರೆ ಕಥೆ. ಕೊಲೆಸ್ಟ್ರಾಲ್ ಆಗೋದಕ್ಕೆ ಒಂದು ಹೆಜ್ಜೆ ಮುಂಚಿನ ಪದಾರ್ಥ ಚರ್ಮದಲ್ಲಿ ಇರುತ್ತೆ. ಬಿಸಿಲು ಬಿದ್ದಾಗ ಅದರ ಎರಡನೇ ಉಂಗುರ ಬಿಚ್ಚಿಕೊಳ್ಳುತ್ತೆ. ನಮ್ಮ ಕಿಣ್ವಗಳಿಗೆ ಆಗದ ಕೆಲಸದಲ್ಲಿ ಒಂದು ಉಂಗುರದಷ್ಟನ್ನು ಸೂರ್ಯ ಮಾಡಿಕೊಡ್ತಾನೆ.

ಚಿತ್ರ ನೋಡಿದೆ, ಚೆನ್ನಾಗಿದೆ. ಆದರೆ ಜೋಡಿ ಬಂಧವನ್ನು 5 ಮತ್ತು 10ರ ನಡುವೆ ಹಾಕಿದ್ದೀಯ. 10ನೇ ಕಾರ್ಬನ್ನಿಗೆ ಐದು ಕೈ ಆಗಿಬಿಟ್ಟಿದೆ, ಎಣಿಸಿ ನೋಡು. ಬೇಜಾರು ಮಾಡ್ಕೋಬೇಡ. ವೀಲಾಂಡ್ ಮತ್ತು ವಿಂಡೌಸ್ ಇದೇ ಗುಂಪಿನ ಮೇಲೆ ಕೆಲಸ ಮಾಡಿ 1927, 1928ರ ನೊಬೆಲ್ ತಗೊಂಡರು. ಆಗ ಅವರು ಬರೆದಿದ್ದ ಉಂಗುರಗಳೂ ತಪ್ಪಿದ್ದವು. ಸರಿಯಾದ ಚಿತ್ರ ಬಂದದ್ದು 1932ರಲ್ಲಿ.

ತಿದ್ದಿ ಇನ್ನೊಂದು ಫೋಟೋ ಹಾಕು.